ಎರಡನೇ ಕಾರಿನ ಮೇಷ್ಟ್ರು

ಈ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಹತ್ತಿರ ಬೈಸಿಕೊಂಡವರು. ಮೂವತ್ತೊಂದು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸ್ತಿದ್ದೀನಿ. ಎಲ್ಲರೂ ಮೇಷ್ಟ್ರು ಅಂತಲೇ ಕರೀತಾರೆ, ಸ್ವಂತ ಹೆಸರು ಹಿಡಿದು ಕೂಗಿದರೆ ನಾನೇ ತಿರುಗಿ ನೋಡೋದು ಅನುಮಾನ. ಕಲಿಸೋನಿಗೆ ವಿದ್ಯೆಗಿಂತ ಸ್ವರ ಮುಖ್ಯ. ನಾನು "ಬ್ರೇಕ್!" ಅಂದರೆ ಪಕ್ಕದ ಗಾಡಿಯವನೂ ಒತ್ತುತ್ತಾನೆ. ಜಂಬಕ್ಕೆ ಹೇಳ್ತಿಲ್ಲ, ಒಂದು ಸಲ ಮೂರು ಗಾಡಿ ಒಂದಕ್ಕೊಂದು ಗುದ್ದಿ, ಪೊಲೀಸರು ಕಾರಣ ಅಂತ ಇದನ್ನೇ ಬರೆದುಕೊಂಡು ಹೋಗಿದ್ದಾರೆ.

ನನ್ನ ಸ್ಕೂಲೂ ಮನೆಯೂ ಮಹಡಿ ಮೇಲೆ, ಕೆಳಗಡೆ ಕ್ಷೌರದಂಗಡಿ. ಅವತ್ತು ಸಂಜೆ ಅಲ್ಲಿ ಕೂತು, ನಾಲ್ಕು ಜನರಿಗೆ ಕೇಳುವ ಹಾಗೆ ರಿವರ್ಸ್ ಹಾಕೋ ಶಾಸ್ತ್ರ ಹೇಳ್ತಿದ್ದೆ. ಅಷ್ಟರಲ್ಲಿ ನನ್ನ ಭಾಮೈದ ಏದುಸಿರು ಬಿಡುತ್ತಾ ಬಂದ. ದೊಡ್ಡ ಹೋಟೆಲಿನಲ್ಲಿ ರೂಮಿನ ಕೀಲಿ ಕೊಡೋ ಕೆಲಸ ಅವನದು.

"ಭಾವಾ, ನಿಮಗೆ ಎಂಥ ಗಾಡಿ ಬೇಕಾದ್ರೂ ಓಡಿಸೋಕೆ ಬರುತ್ತೆ ಅಲ್ವಾ?"

ಕ್ಷೌರಿಕ ಕತ್ತಿ ನಿಲ್ಲಿಸಿದ. ಅರ್ಧ ಗಡ್ಡ ಹೋಗಿದ್ದ ಗಿರಾಕಿ ಕತ್ತು ತಿರುಗಿಸಿದ. ಇಂಥ ಹೊತ್ತಿನಲ್ಲಿ ಇಲ್ಲ ಅನ್ನೋಕಾಗುತ್ತಾ?

"ಗಾಡಿ ಅಂದ್ಮೇಲೆ ನಾಲ್ಕು ಚಕ್ರ ತಾನೆ?" ಅಂದೆ.

ಆರು ದಿನದ ಸೈಕಲ್ ರೇಸ್ ನಮ್ಮ ಊರಿಗೆ ಬಂದಿತ್ತು. ಒಂದು ತಂಡ ಅವನ ಹೋಟೆಲಿನಲ್ಲೇ ಇಳಿದಿತ್ತು. ಆ ತಂಡಕ್ಕೆ ಎರಡು ಕಾರು, ಎರಡನೇ ಕಾರಿನ ಡ್ರೈವರ್ ಬಚ್ಚಲಿನಲ್ಲಿ ಜಾರಿ ಕೈ ಉಳುಕಿಸಿಕೊಂಡಿದ್ದ. ನಾಳೆ ನಾಲ್ಕನೇ ದಿನದ ಓಟ, ಬದಲಿ ಆಳು ಬೇಕು. ನಾನು ಒಪ್ಪಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಅದು ದರ್ಜಿಯ ಅಂಗಡಿ ದಾಟುವಾಗ ನಾನು ರೇಸ್ ಕಾರು ಓಡಿಸ್ತೀನಿ ಅಂತಾಗಿತ್ತು. ಬೇಕರಿ ಹತ್ತಿರ ಬರುವಷ್ಟರಲ್ಲಿ ಹೋದ ವರ್ಷವೂ ನಾನೇ ಗೆದ್ದಿದ್ದೆ.

ನನ್ನ ಹೆಂಡತಿಗೆ ಮಾತ್ರ ನಂಬಿಕೆ ಬರಲಿಲ್ಲ.

"ರೀ, ನಿಮ್ಮ ಕಾರಲ್ಲಿ ಆಸ್ಪತ್ರೆಗೆ ಹೊರಟ್ರೆ ಜ್ವರ ದಾರೀಲೇ ಬಿಟ್ಟುಹೋಗುತ್ತೆ. ನಿಮ್ಮನ್ನ ರೇಸಿಗೆ ಕರೆದವರು ಯಾರು?"

"ನಿನ್ನ ತಮ್ಮ."

"ಹಾಗಾದ್ರೆ ಸರಿ ಬಿಡಿ," ಅಂದಳು. ಅವಳ ತಮ್ಮನ ಬುದ್ಧಿ ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಸೈಕಲ್ ರೇಸಿನ ಬಗ್ಗೆ ನನಗೆ ಅವತ್ತು ಗೊತ್ತಿದ್ದದ್ದು ಇಷ್ಟು: ಎಲ್ಲರೂ ತುಳೀತಾರೆ, ಮೊದಲು ಬಂದವನು ಗೆಲ್ತಾನೆ, ಉಳಿದವರು ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋಗ್ತಾರೆ. ಇದರಲ್ಲಿ ಕಲಿಯೋಕೆ ಇನ್ನೇನಿದೆ ಅಂದುಕೊಂಡಿದ್ದೆ.

ಬೆಳಗ್ಗೆ ಹೋಟೆಲಿನ ಅಂಗಳದಲ್ಲಿ ತಂಡದ ಮ್ಯಾನೇಜರ್ ಪೆನ್ನಿನ ಮುಚ್ಚಳ ಕಚ್ಚುತ್ತಾ ನಿಂತಿದ್ದ. ಒಣಕಲು ಆಸಾಮಿ, ಮಾತು ಕತ್ತರಿಸಿದ ಹಾಗೆ. "ನಾನು ಮೊದಲನೇ ಕಾರಲ್ಲಿ ಮುಂದೆ ಇರ್ತೀನಿ. ನೀವು ಹಿಂದೆ ಬನ್ನಿ. ಮೆಕ್ಯಾನಿಕ್ ಹೇಳಿದ ಹಾಗೆ ಮಾಡಿ. ನೀವಾಗಿ ಏನೂ ಮಾಡಬೇಡಿ."

ಮೆಕ್ಯಾನಿಕ್ ಒಬ್ಬ ಹೆಂಗಸು. ನಲವತ್ತರ ಆಚೀಚೆ, ಉಗುರಲ್ಲಿ ಗ್ರೀಸು, ಜೇಬಲ್ಲಿ ನಾಲ್ಕು ಸ್ಪ್ಯಾನರ್. ತಂಡದವರೆಲ್ಲ ಅವಳನ್ನ ಅಕ್ಕ ಅಂತಿದ್ದರು. ನಾನು ಸೀಟು ಸರಿಮಾಡಿ, ಮೂರು ಕನ್ನಡಿ ಒರೆಸಿ, ನಾಲ್ಕು ಟೈರಿಗೂ ಒದ್ದು ನೋಡಿ, ಬೆಲ್ಟ್ ಹಾಕಿ, "ತಾಯಿ, ಬೆಲ್ಟ್" ಅಂದೆ.

"ಮೇಷ್ಟ್ರೇ, ರೇಸ್ ಶುರುವಾಗಿ ಐದು ನಿಮಿಷ ಆಯ್ತು," ಅಂದಳು.

ಹೊರಟೆವು. ಊರು ದಾಟೋವರೆಗೆ ಎಲ್ಲರೂ ಮೆಲ್ಲಗೆ ಹೋಗ್ತಾರಂತೆ, ಹಾಗಾಗಿ ಹೇಗೋ ಸೇರಿಕೊಂಡೆವು. ನೂರೈವತ್ತು ಸೈಕಲ್ಲು ಮುಂದೆ, ಹಿಂದೆ ತಂಡಗಳ ಕಾರುಗಳ ಮೆರವಣಿಗೆ. ಮೊದಲನೇ ಸರ್ಕಲ್‌ನಲ್ಲಿ ಸಿಗ್ನಲ್ ಕೆಂಪಗಿತ್ತು. ನಿಲ್ಲಿಸಿದೆ. ಹಿಂದೆ ಇಪ್ಪತ್ತು ಕಾರು ಕೀ ಕೀ ಅಂತ ಅರಚಿಕೊಂಡವು. ರೇಸಿನ ಅಧಿಕಾರಿ ಒಬ್ಬ ಮೋಟರ್ ಬೈಕಿನಲ್ಲಿ ಬಂದು ಕಿಟಕಿ ಬಡಿದ.

"ಯಾಕ್ರೀ ನಿಲ್ಲಿಸಿದ್ರಿ?"

"ದೀಪ ಕೆಂಪಗಿದೆ."

"ರೇಸಿಗೆ ಅಂತ ರಸ್ತೆನೇ ಬಂದ್ ಮಾಡಿದೀವಲ್ರೀ!"

"ರಸ್ತೆ ಬಂದ್ ಮಾಡಿದೀರಿ ಸ್ವಾಮಿ, ದೀಪ ಬಂದ್ ಮಾಡಿಲ್ಲ."

ಅವನು ನನ್ನ ಕಾರಿನ ನಂಬರ್ ಬರೆದುಕೊಂಡ. ದೀಪ ಹಸಿರಾದ ಮೇಲೆ, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಹೊರಟೆ. ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

ಗಂಟೆ ಕಳೆದಿರಬಹುದು, ಮುಂದಿದ್ದವರೆಲ್ಲ ಇದ್ದಕ್ಕಿದ್ದ ಹಾಗೆ ರಸ್ತೆ ಪಕ್ಕ ನಿಂತು, ಬೇಲಿ ಕಡೆ ಮುಖ ಮಾಡಿದರು. ಓಹೋ, ಇವತ್ತಿನದು ಮುಗೀತು ಅಂದುಕೊಂಡು ನಾನೂ ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ಜೇಬಿಗೆ ಹಾಕಿ, ಒಂದು ಮರ ನೋಡಿಕೊಂಡು ಹೋದೆ. ತಿರುಗಿ ಬಂದಾಗ ರಸ್ತೆ ಖಾಲಿ.

"ಎಲ್ಲಿ ಹೋದ್ರು?"

"ಮುಂದೆ!" ಅಂದಳು ಅಕ್ಕ. "ಎಲ್ಲರೂ ಒಟ್ಟಿಗೆ ನಿಲ್ತಾರೆ, ಒಟ್ಟಿಗೆ ಹೊರಡ್ತಾರೆ. ಅವರು ನಿಂತಾಗ ಯಾರೂ ಮುಂದೆ ಓಡಬಾರದು, ಅದು ಮರ್ಯಾದೆ."

"ಮರ್ಯಾದೆ ಇರೋರು ನನಗೂ ಕಾಯಬಹುದಿತ್ತು," ಅಂದೆ.

ಮತ್ತೆ ಗುಂಪು ಸೇರಿಕೊಳ್ಳುವಷ್ಟರಲ್ಲಿ ಅಕ್ಕ ಸ್ವರ ಬದಲಿಸಿದಳು. ಈಗ ಬೇಡಿಕೊಳ್ತಿದ್ದಳು. "ಸ್ವಲ್ಪ ಜೋರಾಗಿ, ಮೇಷ್ಟ್ರೇ. ದಮ್ಮಯ್ಯ."

ಆಗ ನಮ್ಮ ತಂಡದವನೊಬ್ಬ ಗುಂಪು ಬಿಟ್ಟು ಹಿಂದೆ ಹಿಂದೆ ಸರಿದು ನಮ್ಮ ಕಿಟಕಿಗೆ ಬಂದ. ವಯಸ್ಸು ಮೂವತ್ತಾರಂತೆ, ಬಿಸಿಲಿಗೆ ಮೂಗು ಸುಲಿದಿತ್ತು. ಅಕ್ಕ ಒಂದಾದ ಮೇಲೊಂದು ನೀರಿನ ಬಾಟಲಿ ಕೊಟ್ಟಳು. ಅವನು ಬೆನ್ನಿಗೆ, ಹೊಟ್ಟೆಗೆ, ಕುತ್ತಿಗೆಯೊಳಗೆ ತುರುಕಿಕೊಂಡ. ಎಂಟಾದವು.

ನನಗೆ ರೇಗಿತು. "ಏನಪ್ಪಾ, ಅಲ್ಲಿ ಎಲ್ಲರೂ ಮುಂದೆ ಹೋಗ್ತಿದ್ದಾರೆ, ನೀನು ಇಲ್ಲಿ ನೀರು ಕುಡಿಯೋಕೆ ಬಂದಿದೀಯ? ಎಂಟು ಬಾಟಲಿ ಕುಡಿದ್ರೆ ತುಳಿಯೋದು ಯಾವಾಗ?"

"ನನಗಲ್ಲ ಸಾರ್, ಅವರಿಗೆ," ಅಂತ ನಕ್ಕ. ಕೊನೇ ಬಾಟಲಿಯನ್ನ ಅವನೊಂದು ಕಡೆ ಹಿಡಿದ, ಅಕ್ಕ ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಬಿಡಲೊಲ್ಲರು. ಅವನು ತುಳಿಯದೇ ಇದ್ದರೂ ಕಾರು ಅವನನ್ನ ಎಳಕೊಂಡು ಹೋಗ್ತಿತ್ತು.

"ಕೊಟ್ಟುಬಿಡು ತಾಯಿ, ಒಂದು ಬಾಟಲಿಗೆ ಜಗಳ ಯಾಕೆ?" ಅಂದೆ.

ಅಕ್ಕ ಸುಮ್ಮನಿರಿ ಅಂತ ಕಣ್ಣು ಹೊಡೆದಳು. ಬೈಕಿನ ಅಧಿಕಾರಿ ಬೆರಳು ಆಡಿಸಿ ಬೆದರಿಸಿದ ಮೇಲೆ ಬಾಟಲಿ ಬಿಟ್ಟಳು. ಅವನು ಎಂಟು ಬಾಟಲಿಯ ಭಾರ ಹೊತ್ತುಕೊಂಡು ಮುಂದಕ್ಕೆ ತುಳಿದ.

"ಅವನ ಹೆಸರು?"

"ನಾವು ಬಿಂದಿಗೆ ಅಂತೀವಿ. ನೀರು ತರೋದು ಅವನ ಕೆಲಸ. ನೀರು ಕೊಟ್ಟಾದ ಮೇಲೆ ಮುಂದೆ ಹೋಗಿ ಗಾಳಿ ತಡೀತಾನೆ. ಅವನ ಬೆನ್ನ ಹಿಂದೆ ನಮ್ಮ ಹೀರೋ ಕೂತಿರ್ತಾನೆ. ಮುಂದಿರೋನಿಗೆ ಎದುರುಗಾಳಿ, ಹಿಂದಿರೋನಿಗೆ ಆರಾಮ."

"ಹಿಂದೆ ಇರೋದೇ ಆರಾಮ ಅಂದ್ರೆ ಈ ಬಿಂದಿಗೆ ಯಾಕೆ ಮುಂದೆ ಹೋಗ್ತಾನೆ? ಬುದ್ಧಿ ಇಲ್ವಾ?"

"ಸಂಬಳ ಕೊಡೋದೇ ಅದಕ್ಕೆ, ಮೇಷ್ಟ್ರೇ."

"ಹಾಗಾದ್ರೆ ಅವನು ಗೆಲ್ಲೋದು ಯಾವಾಗ?"

"ಹದಿನಾಲ್ಕು ವರ್ಷದಲ್ಲಿ ಒಂದ್ಸಲಾನೂ ಇಲ್ಲ."

ನಾನು ಗೇರು ಬದಲಿಸೋದು ಮರೆತೆ. ನನ್ನ ಸ್ಕೂಲಿನಲ್ಲಿ ಒಂಬತ್ತು ಸಲ ಫೇಲಾದವನಿದ್ದಾನೆ, ಅವನಿಗೂ ಹತ್ತನೇ ಸಲ ಪಾಸಾಗೋ ಆಸೆ ಇರುತ್ತೆ. ಇವನ ಕೆಲಸವೇ ಗೆಲ್ಲದೆ ಇರೋದು!

ಮಧ್ಯಾಹ್ನ ಘಾಟಿ ಶುರುವಾಯಿತು. ಬಿಂದಿಗೆ ಬುಡದವರೆಗೂ ಗುಂಪಿನ ಮುಂದೆ ಗಾಳಿ ತಡೆದು, ಆಮೇಲೆ ಪಕ್ಕಕ್ಕೆ ಸರಿದ. ಹೀರೋ ಮೇಲಕ್ಕೆ ಹಾರಿ ಹೋದ. ಒಬ್ಬೊಬ್ಬರಾಗಿ ಎಲ್ಲರೂ ಬಿಂದಿಗೆಯನ್ನ ದಾಟಿದರು. ಕಾಲಲ್ಲಿ ಏನೂ ಉಳಿದಿರಲಿಲ್ಲ ಪಾಪ. ಸ್ವಲ್ಪ ಹೊತ್ತಿಗೆ ರಸ್ತೆಯಲ್ಲಿ ಅವನು, ಅವನ ಹಿಂದೆ ನಾವು, ನಮ್ಮ ಹಿಂದೆ ಒಂದು ವ್ಯಾನು.

"ಆ ವ್ಯಾನು ಯಾತಕ್ಕೆ?"

"ಸೋತು ನಿಂತವರನ್ನ ತುಂಬಿಕೊಳ್ಳೋಕೆ."

ತಂಡದ ಕಾರುಗಳಿಗೂ ಸೈಕಲ್ಲಿನವರಿಗೂ ಒಂದೇ ರೇಡಿಯೋ, ಯಾರು ಮಾತಾಡಿದರೂ ಎಲ್ಲರಿಗೂ ಕೇಳುತ್ತೆ. ಅದರಲ್ಲಿ ಮ್ಯಾನೇಜರ್ ಕುಣೀತಿದ್ದ. ಹೀರೋ ಒಬ್ಬನೇ ಮುಂದಿದ್ದಾನೆ, ಗೆಲ್ತಾನೆ, ದಾಖಲೆ ವೇಗ! ನಾನು ಚಪ್ಪಾಳೆ ತಟ್ಟೋಕೆ ಹೋದೆ. ಅಕ್ಕನ ಮುಖ ಬಾಡಿತ್ತು.

"ಖುಷಿ ಪಡಮ್ಮಾ, ನಮ್ಮವನೇ ಅಲ್ವಾ?"

"ಇವನೂ ನಮ್ಮವನೇ," ಅಂತ ಮುಂದಿನ ಬೆನ್ನು ತೋರಿಸಿದಳು. "ಗೆದ್ದವನು ತಗೊಂಡ ಹೊತ್ತಿಗೆ ನೂರಕ್ಕೆ ಹತ್ತರಷ್ಟು ಸೇರಿಸ್ತಾರೆ. ಅಷ್ಟರೊಳಗೆ ಬಂದು ಮುಟ್ಟಬೇಕು. ಇಲ್ಲಾಂದ್ರೆ ರೇಸಿಂದ ಹೊರಗೆ. ಗೆಲ್ಲೋನು ಎಷ್ಟು ಬೇಗ ಮುಟ್ಟಿದ್ರೆ ಕೊನೆಯವನಿಗೆ ಅಷ್ಟು ಕಷ್ಟ. ಬಿಂದಿಗೆ ಈ ಆರು ದಿನ ಪೂರ್ತಿ ಮುಗಿಸಿದ್ರೆ ಇನ್ನೆರಡು ವರ್ಷ ಕೆಲಸ ಅಂತ ಮ್ಯಾನೇಜರ್ ಕಾಗದ ಮಾಡಿಟ್ಟಿದ್ದಾನೆ. ಮಧ್ಯದಲ್ಲಿ ಬಿದ್ರೆ ಮನೆಗೆ. ಮೂವತ್ತಾರಕ್ಕೆ ಬೇರೆ ಯಾವ ತಂಡ ಕರೆಯುತ್ತೆ?"

ಅಂದರೆ ಬೆಳಗ್ಗಿನಿಂದ ಹೀರೋಗೆ ನೀರು ಕುಡಿಸಿ, ಗಾಳಿ ತಡೆದು, ಅವನು ಬೇಗ ಹೋಗೋ ಹಾಗೆ ಮಾಡಿದ್ದು ಇವನೇ. ಅವನು ಬೇಗ ಹೋದ ತಪ್ಪಿಗೆ ಕೆಲಸ ಕಳಕೊಳ್ಳೋನೂ ಇವನೇ. ಈ ಕಾಯಿದೆ ಬರೆದವನು ನನ್ನ ಕೈಗೆ ಸಿಕ್ಕಿದ್ದರೆ ಒಂದು ವಾರ ಬರೀ ಕ್ಲಚ್ ಒತ್ತಿಸಿರ್ತಿದ್ದೆ. ನನಗೆ ನಿಜವಾಗಿ ಸಂಕಟವಾಯಿತು. ಕಿಟಕಿ ಇಳಿಸಿ, "ತುಳಿಯೋ ತಮ್ಮಾ, ತುಳಿ! ಆಗುತ್ತೆ!" ಅಂತ ಕೂಗೋಕೆ ಶುರುಮಾಡಿದೆ. ಮೂವತ್ತೊಂದು ವರ್ಷದಲ್ಲಿ ನಾನು ಯಾರಿಗೂ ಜೋರಾಗಿ ಹೋಗು ಅಂದವನಲ್ಲ.

ಘಾಟಿಯ ತುದಿ ಮುಟ್ಟಿದ. ಇನ್ನು ಇಳಿಜಾರು. ಅಕ್ಕ ಬಿಡಿ ಚಕ್ರ ಸಿದ್ಧ ಮಾಡೋಕೆ ಹಿಂದಿನ ಸೀಟಿಗೆ ದಾಟಿದಳು. ಹೋಗುವಾಗ ರೇಡಿಯೋ ಮೈಕನ್ನ ನನ್ನ ಕೈಗೆ ಕೊಟ್ಟು, "ಹಿಡ್ಕೊಂಡಿರಿ, ಗುಂಡಿ ಮಾತ್ರ ಒತ್ತಬೇಡಿ. ಒತ್ತಿದ್ರೆ ಎಲ್ಲರ ಕಿವಿಗೂ ಹೋಗುತ್ತೆ," ಅಂದಳು. ನಾನು ಅದನ್ನ ಸ್ಟೀರಿಂಗಿಗೂ ಅಂಗೈಗೂ ಮಧ್ಯೆ ಸಿಕ್ಕಿಸಿಕೊಂಡೆ.

ಬಿಂದಿಗೆ ಗದ್ದವನ್ನ ಹ್ಯಾಂಡಲ್ ಮೇಲೆ ಇಟ್ಟ, ಮಂಡಿ ಒಳಕ್ಕೆ ಎಳೆದ, ಹೋದ. ನನ್ನ ಮೀಟರು ಎಂಬತ್ತು ತೋರಿಸಿತು. ಆ ಅಂಕಿಯನ್ನ ನಾನು ಅದುವರೆಗೂ ಬೇರೆಯವರ ಮೀಟರಿನಲ್ಲಷ್ಟೇ ನೋಡಿದ್ದೆ. ಮುಂದೆ ಹೇರ್‌ಪಿನ್ನಿನ ಹಾಗೆ ಮಡಚಿದ ತಿರುವು, ಆಚೆ ಬರೀ ಆಕಾಶ. ಅವನು ನಿಧಾನ ಮಾಡೋ ಲಕ್ಷಣವೇ ಇಲ್ಲ. ಹೆದರಿದಾಗ ಸ್ಟೀರಿಂಗನ್ನ ಬಿಗಿಯಾಗಿ ಅಮುಕಬೇಡಿ ಅಂತ ಸಾವಿರಾರು ಜನಕ್ಕೆ ಹೇಳಿಕೊಟ್ಟವನು ನಾನು, ಅಮುಕಿದೆ.

"ಬ್ರೇಕ್! ಬ್ರೇಕ್ ಹಾಕೋ! ನಿಲ್ಸೋಓಓ!"

ಬಿಂದಿಗೆಯ ಕಿವಿಗೆ ರೇಡಿಯೋ ಇರಲಿಲ್ಲ. ದಿನವಿಡೀ ನೀರು ನೀರು ಅಂತ ಕೇಳಿ ಬೇಜಾರಾಗಿ ತೆಗೆದು ಕುತ್ತಿಗೆಗೆ ಇಳಿಬಿಟ್ಟಿದ್ದ. ಕಿಟಕಿಯಿಂದ ನನ್ನ ಕೂಗು ಕೇಳಿ ಒಂದು ಸಲ ತಿರುಗಿ ನಕ್ಕು, ಬೆಣ್ಣೆಯಲ್ಲಿ ಕತ್ತಿ ಎಳೆದ ಹಾಗೆ ತಿರುವು ದಾಟಿ ಹೋದ. ಆದರೆ ಇಪ್ಪತ್ತು ಕಿಲೋಮೀಟರ್ ಮುಂದೆ, ಗೆಲುವಿನ ಗೆರೆಗೆ ಇನ್ನೇನು ಐದಾರು ಕಿಲೋಮೀಟರ್ ಇದ್ದಾಗ, ಕಿವಿಯಲ್ಲಿ ರೇಡಿಯೋ ಇದ್ದ ಹೀರೋ ಬ್ರೇಕ್ ಹಾಕಿದ. ಹಾಕಿದ ರಭಸಕ್ಕೆ ಸೈಕಲ್ಲು ಎಗರಿ, ಚೈನು ಕಳಚಿ, ಕಾಲು ನೆಲಕ್ಕೆ ಊರಿದ.

ಅವನು ಚೈನು ಹಾಕಿಕೊಳ್ಳುವಷ್ಟರಲ್ಲಿ ಹಿಂದಿದ್ದ ಐದು ಜನ ಬಂದು ಸೇರಿದರು. ಆಮೇಲೆ ನಡೆದದ್ದೇ ತಮಾಷೆ. ಆರು ಜನರಲ್ಲಿ ಯಾರಿಗೂ ಮುಂದೆ ಹೋಗೋಕೆ ಇಷ್ಟವಿಲ್ಲ. ಮುಂದೆ ಹೋದವನಿಗೆ ಗಾಳಿ, ಹಿಂದಿನವನಿಗೆ ಗೆಲುವು. ನೀವು ಹೋಗಿ, ಇಲ್ಲ ನೀವು ಹೋಗಿ ಅಂತ ಬಾಗಿಲಲ್ಲಿ ನಿಂತ ನೆಂಟರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ತರಕಾರಿ ತರೋಕೆ ಹೋಗೋರಿಗಿಂತ ನಿಧಾನವಾಗಿ ಹೋದರಂತೆ. ಕೊನೆಗೆ ಇನ್ನೊಂದು ತಂಡದವನು ಗೆದ್ದ, ಹೀರೋ ನಾಲ್ಕನೆಯವನಾದ. ರೇಡಿಯೋದಲ್ಲಿ ಮ್ಯಾನೇಜರ್ ಬೈದ ಬೈಗುಳದಲ್ಲಿ ಕೆಲವು ನನಗೂ ಹೊಸತು.

ಹಿಂದಿನ ಸೀಟಿನಿಂದ ಅಕ್ಕ ಮೆಲ್ಲಗೆ ಕೈ ಚಾಚಿ ಮೈಕು ತಗೊಂಡಳು.

ನಾವು ಗೆರೆ ಹತ್ತಿರ ಬಂದಾಗ ಬಿಂದಿಗೆ ಸೈಕಲ್ಲಿನ ಮೇಲೆ ತೂರಾಡ್ತಿದ್ದ. ದಾಟಿದವನೇ ರಸ್ತೆ ಮೇಲೆ ಅಂಗಾತ ಬಿದ್ದ.

"ಒಳಗಾ, ಹೊರಗಾ?" ಅಂದ, ಕಣ್ಣು ಮುಚ್ಚಿಕೊಂಡೇ.

ಗಡಿಯಾರದ ಅಧಿಕಾರಿ ಕಾಗದ ನೋಡಿ, "ಒಳಗೆ. ಆರು ಸೆಕೆಂಡು," ಅಂದ.

ಬಿಂದಿಗೆ ಅಳೋಕೆ ಶುರುಮಾಡಿದ. ನಾನೂ ಶುರುಮಾಡಿದೆ, ಯಾಕೆ ಸುಳ್ಳು ಹೇಳಲಿ. ಅಷ್ಟರಲ್ಲಿ ಮ್ಯಾನೇಜರ್ ಪೆನ್ನಿನ ಮುಚ್ಚಳ ಉಗಿದು ಬಂದ. ಹಿಂದೆ ಹೀರೋ, ಕಣ್ಣು ಕೆಂಡ.

"ಏಳೋ!" ಅಂದ ಮ್ಯಾನೇಜರ್ ಬಿಂದಿಗೆಗೆ. "ರೇಡಿಯೋದಲ್ಲಿ ಬ್ರೇಕ್ ಅಂತ ಅರಚಿದ್ದು ನೀನೇ ತಾನೆ? ಇವನು ನಿಧಾನ ಆದ್ರೆ ಲಾಭ ಯಾರಿಗೆ? ಒಂದು ನಿಮಿಷ ಸಿಕ್ತು, ಆರು ಸೆಕೆಂಡಲ್ಲಿ ಉಳಕೊಂಡೆ! ಕಾಗದ ಹರಿದು ಹಾಕ್ತೀನಿ. ಈ ಸಂಜೆಗೇ ಗಂಟು ಕಟ್ಟು."

ಬಿಂದಿಗೆ ಎದ್ದು ಕೂತ. ನನ್ನ ಕಡೆ ಒಂದು ಸಲ ನೋಡಿದ. ಆ ಕೂಗು ಕಿಟಕಿಯಿಂದ ಅವನಿಗೆ ಕೇಳಿತ್ತು, ಯಾರದ್ದು ಅಂತ ಚೆನ್ನಾಗಿ ಗೊತ್ತು. ಬಾಯಿ ಬಿಡಲಿಲ್ಲ. ಬೇರೆಯವರಿಗೆ ಬರೋ ಗಾಳಿಯನ್ನ ತಾನು ತಗೊಳ್ಳೋದು ಅವನಿಗೆ ಅಷ್ಟು ರೂಢಿಯಾಗಿತ್ತು. ಅಕ್ಕನೂ ನನ್ನನ್ನೇ ನೋಡ್ತಿದ್ದಳು.

ಬೀದಿಯವರು ನೆನಪಾದರು. ದರ್ಜಿ, ಬೇಕರಿಯವನು, ಬೋರ್ಡಿನ ಮೇಲಿನ "ಮೂವತ್ತೊಂದು ವರ್ಷದ ಅನುಭವ".

"ಕೂಗಿದ್ದು ನಾನು," ಅಂದೆ.

"ನೀವಾ?" ಅಂದ ಮ್ಯಾನೇಜರ್. "ನೀವು ಯಾಕ್ರೀ ಕೂಗಿದ್ರಿ? ಇವನನ್ನ ಉಳಿಸೋಕೆ ಸುಳ್ಳು ಹೇಳ್ತಿದೀರಾ?"

ಈಗ ನನಗೆ ಮೈ ಉರೀತು. ನನ್ನ ಸ್ವರವನ್ನ ಅನುಮಾನಿಸೋದಾ? ಎದೆ ತುಂಬ ಉಸಿರೆಳೆದು, "ಬ್ರೇಕ್!" ಅಂದೆ.

ಪಕ್ಕದಲ್ಲಿ ಹೋಗ್ತಿದ್ದ ಇಬ್ಬರು ಸೈಕಲ್ಲಿನವರು ಬಿದ್ದರು. ಒಂದು ಬಸ್ಸು ನಿಂತಿತು. ಮ್ಯಾನೇಜರನ ಬಲಗಾಲು ತಾನಾಗಿ ನೆಲ ಒತ್ತಿತು. ಇನ್ನು ಸಾಕ್ಷಿ ಬೇಕಾಗಲಿಲ್ಲ.

ಹೀರೋ ಮುಂದೆ ಬಂದ. ಹೊಡೆದರೆ ಹೊಡೀಲಿ ಅಂತ ಕನ್ನಡಕ ತೆಗೆದೆ. ಅವನು ನನ್ನನ್ನ ದಾಟಿ ಹೋಗಿ ಬಿಂದಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ನಾಳೆ ಬರ್ತೀಯಲ್ವಾ?"

"ಬರ್ತೀನಿ," ಅಂದ ಬಿಂದಿಗೆ.

"ಅಷ್ಟು ಸಾಕು." ಮ್ಯಾನೇಜರ್ ಕಡೆ ತಿರುಗಿದ. "ನಾಳೆ ಇಡೀ ದಿನ ಎದುರುಗಾಳಿ ಸಾರ್. ಇವನಿಲ್ಲದಿದ್ರೆ ನನ್ನ ಮುಂದೆ ತುಳಿಯೋರು ಯಾರು, ನೀವಾ?"

ಮ್ಯಾನೇಜರ್ ತನ್ನ ಒಣಕಲು ಕಾಲು ನೋಡಿಕೊಂಡ, ಸೈಕಲ್ಲು ನೋಡಿದ, ಕಾಗದದ ಮಾತು ಬಿಟ್ಟ. ಉಳಿದ ಸಿಟ್ಟೆಲ್ಲ ನನಗೆ ಸಿಕ್ಕಿತು. "ಕೀಲಿ ಕೊಡ್ರೀ. ಇನ್ನು ಮೇಲೆ ನನ್ನ ಕಾರಿನ ನೆರಳಿಗೂ ಬರಬೇಡಿ."

ಬಸ್ಸಿನಲ್ಲಿ ಮನೆಗೆ ಬಂದೆ. ಗುಟ್ಟಾಗಿ ಮೆಟ್ಟಿಲು ಹತ್ತೋಣ ಅಂದುಕೊಂಡರೆ ಬೀದಿಯೇ ಕ್ಷೌರದಂಗಡಿ ಮುಂದೆ ನಿಂತಿತ್ತು. ರೇಡಿಯೋ ಮಾತನ್ನ ಟೀವಿಯವರೂ ಬಿತ್ತರಿಸ್ತಾರೆ ಅನ್ನೋದು ನನಗೆ ಹೇಗೆ ಗೊತ್ತಾಗಬೇಕು?

"ಮೇಷ್ಟ್ರೇ, ನಿಮ್ಮ ಸ್ವರ ಬಂತು ನೋಡಿ, ಅಂಗಡೀಲಿದ್ದೋರೆಲ್ಲ ಒಟ್ಟಿಗೆ ನೆಲ ಒತ್ತಿದ್ರು," ಅಂದ ಕ್ಷೌರಿಕ. "ಇವರ ಅರ್ಧ ಮೀಸೆ ಹೋಯ್ತು."

ಮೀಸೆಯವರು ಕರವಸ್ತ್ರ ಅಡ್ಡ ಹಿಡಿದು ನಿಂತಿದ್ದರು. ಭಾಮೈದ ಹೋಟೆಲಿನಲ್ಲಿ ಯಾವ ಕೀಲಿಯ ಹಿಂದೆ ಅಡಗಿದ್ದನೋ, ಕಾಣಿಸಲಿಲ್ಲ. ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಂತೂ ರೇಸನ್ನೂ ನಿಧಾನ ಮಾಡಿ ಬಂದ್ರಿ," ಅಂದಳು.

ಎಲ್ಲರೂ ನಕ್ಕರು. ನಕ್ಕು ಮುಗಿಯಲಿ ಅಂತ ಕಾದು, ಬಿಂದಿಗೆಯ ಕಥೆ ಹೇಳಿದೆ. ಎಂಟು ಬಾಟಲಿ, ಹದಿನಾಲ್ಕು ವರ್ಷ, ಆರು ಸೆಕೆಂಡು. ದರ್ಜಿ ಕತ್ತರಿ ಕೆಳಗಿಟ್ಟ. ಹೆಂಡತಿ ಕೈ ಇಳಿಸಿ, "ನಾಳೆ, ನಾಡಿದ್ದು ಮುಗಿಸಬೇಕಲ್ಲಾ ಪಾಪ?" ಅಂದಳು.

ಮಾರನೇ ದಿನ ಎಲ್ಲರೂ ಅಂಗಡಿಯಲ್ಲಿ ಸೇರಿದೆವು. ಗೆದ್ದವನು ಬಂದ ಕೂಡಲೇ ಟೀವಿಯವನು ಅಡುಗೆ ಕಾರ್ಯಕ್ರಮ ಹಾಕಿಬಿಟ್ಟ. ಅಂಗಡಿಯಲ್ಲಿ ಗಲಾಟೆಯೋ ಗಲಾಟೆ. ನನ್ನ ಹೆಂಡತಿ ಟೀವಿ ಕಚೇರಿಗೆ ಫೋನ್ ಮಾಡಿ, "ಇನ್ನೂ ಜನ ಬರೋದಿದೆ ಕಣ್ರೀ, ಯಾವಾಗ ತೋರಿಸ್ತೀರಿ?" ಅಂತ ತರಾಟೆಗೆ ತಗೊಂಡಳು. ಕೊನೆಗೆ ಅಕ್ಕನೇ ಫೋನ್ ಮಾಡಿ, ಇನ್ನೂ ಮೂರು ನಿಮಿಷ ಬಾಕಿ ಇರುವಾಗಲೇ ಬಂದ ಅಂದಳು. ಅವತ್ತು ಎಲ್ಲರಿಗೂ ಕ್ಷೌರ ಪುಕ್ಕಟೆ.

ಆರನೇ ದಿನ ಅಂಗಡಿಯಲ್ಲಿ ಕಾಲಿಡೋಕೆ ಜಾಗವಿರಲಿಲ್ಲ. ನಾಲ್ಕು ಗಂಟೆ ಹೊತ್ತು ಟೀವಿಗೆ ಕಣ್ಣು ನೆಟ್ಟಿದ್ದೆವು. ಬರೋ ಚಿತ್ರದಲ್ಲೆಲ್ಲ ಹಿಂದೆ ಹಿಂದೆ ಹುಡುಕಿದೆವು. ಒಂದು ಸಲ ಮೂಲೆಯಲ್ಲಿ ಸುಲಿದ ಮೂಗು ಕಂಡಂತಾಗಿ ದರ್ಜಿ ಕುರ್ಚಿ ಮೇಲೆ ನಿಂತ. ಆಮೇಲೆ ಮತ್ತೆ ಅಡುಗೆ ಬಂತು. ಒಬ್ಬಾಕೆ ಈರುಳ್ಳಿ ಹೆಚ್ಚುತ್ತಿದ್ದಳು, ನಾವು ಫೋನನ್ನೇ ನೋಡ್ತಾ ಕೂತಿದ್ದೆವು. ಐದು ನಿಮಿಷ, ಹತ್ತು ನಿಮಿಷ. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು, ಮದುವೆಯಾದ ಮೇಲೆ ಅಷ್ಟು ಬಿಗಿಯಾಗಿ ಹಿಡಿದದ್ದು ನೆನಪಿಲ್ಲ.

ಫೋನ್ ಬಡಿಯಿತು.

"ಮೇಷ್ಟ್ರೇ," ಅಂದ ಬಿಂದಿಗೆ. ಹಿಂದೆ ಅಕ್ಕ ಕಿರುಚ್ತಿದ್ದಳು. "ಮುಗೀತು. ಎಲ್ಲರಿಗಿಂತ ಕೊನೇಲಿ ಬಂದೆ. ಕಾಗದಕ್ಕೆ ಸಹಿ ಆಯ್ತು!"

"ಕೊನೆಯವನಂತೆ!" ಅಂತ ಕೂಗಿದೆ. "ನಮ್ಮವನು ಕೊನೆಯವನಂತೆ!"

ಅಂಗಡಿ ಹಾರಿಹೋಗುವಂತೆ ಚಪ್ಪಾಳೆ. ಅರ್ಧ ಮೀಸೆಯವರು ಕ್ಷೌರಿಕನನ್ನ ತಬ್ಬಿಕೊಂಡರು. ಗದ್ದಲ ಕೇಳಿ ದಾರಿಯಲ್ಲಿ ಹೋಗ್ತಿದ್ದವನೊಬ್ಬ ಒಳಗೆ ಇಣುಕಿದ.

"ರೇಸಾ? ಯಾರು ಗೆದ್ದಿದ್ದು?"

ಒಳಗಿದ್ದ ಇಪ್ಪತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಲ್ಕು ಗಂಟೆ ಕಣ್ಣು ಮಿಟುಕಿಸದೆ ನೋಡಿದ್ದೆವು, ಅದನ್ನ ಮಾತ್ರ ಯಾರೂ ಗಮನಿಸಿರಲಿಲ್ಲ.